ಮನೆಯವರಿಗೆ ಗೊತ್ತಿದ್ದ ಸನ್ನೆ

ಡ್ವೇನ್ ಕ್ರೆಬ್ಸ್ ತನ್ನ ಸ್ವಂತ ಮಗನನ್ನು ಕಾಲೇಜಿನ ಬೇಸ್‌ಬಾಲ್ ತಂಡದಿಂದ ತೆಗೆದುಹಾಕಿದ ದಿನ ಅವನ ಮನೆಯಲ್ಲಿ ಸಂಜೆ ಊಟಕ್ಕೆ ಚಿಲಿ ಮಾಡಿದ್ದರು. ನವೆಂಬರಿನ ಶುಕ್ರವಾರ. ಕಾಳು, ಗೋಮಾಂಸ ಹಾಕಿ ಕುದಿಸಿದ ಖಾರದ ಚಿಲಿ, ಪಕ್ಕದಲ್ಲಿ ದಾಲ್ಚಿನ್ನಿ ಹಾಕಿದ ಸಿಹಿ ಬನ್ನು. ನಮ್ಮ ನೆಬ್ರಾಸ್ಕಾದಲ್ಲಿ ಇವೆರಡೂ ಒಟ್ಟಿಗೇ ಬರಬೇಕು, ಹೊರಗಿನವರು ನಗುವುದಿದ್ದರೆ ನಗಲಿ. ಹತ್ತೊಂಬತ್ತು ವರ್ಷದ ಟೇಟ್ ನಾಲ್ಕು ಬನ್ನು ತಿಂದ. ಅಪ್ಪ ಅವನು ತಿನ್ನುವುದನ್ನೇ ನೋಡುತ್ತಿದ್ದು, ಐದನೆಯದನ್ನು ತಾನೇ ಅವನ ಕಡೆ ತಳ್ಳಿದ.

"ತಿನ್ನು. ತಿಂದಾದ್ಮೇಲೆ ಕಾಲೇಜ್ ಹತ್ರ ಹೋಗಿ ಬಾ. ಬಾಗಿಲ ಮೇಲೆ ಪಟ್ಟಿ ಹಾಕಿದೀನಿ."

"ಇಲ್ಲೇ ಹೇಳಬಹುದಲ್ಲಪ್ಪ."

"ಎಲ್ಲಾ ಹುಡುಗರೂ ಬಾಗಿಲ ಮೇಲೆ ಓದ್ಕೋತಾರೆ. ನಿನಗೇನು ಬೇರೆ ಬಾಗಿಲು ಮಾಡಿಸ್ಬೇಕಾ?"

ಟೇಟ್‌ನ ಕೈಯಲ್ಲಿ ಬನ್ನು ಹಾಗೇ ಉಳಿಯಿತು. ಅವನ ಅಮ್ಮ ನಡೀನ್‌ಗೆ ಅಷ್ಟಕ್ಕೇ ಅರ್ಥವಾಯಿತು. "ಡ್ವೇನ್, ಇದೇನು..." ಎಂದು ಶುರು ಮಾಡಿದಳು. ಡ್ವೇನ್ ಕಿವಿ ಮುಟ್ಟಿಕೊಂಡ. ಆ ಮನೆಯಲ್ಲಿ ಅವನು ಕಿವಿ ಮುಟ್ಟಿಕೊಂಡರೆ ಮಾತು ಮುಗಿಯಿತು ಎಂದರ್ಥ.

ಡ್ವೇನ್ ಒಂಬತ್ತು ವರ್ಷ ಮೈನರ್ ಲೀಗುಗಳಲ್ಲಿ ಕ್ಯಾಚರ್ ಆಗಿದ್ದವನು. ಬ್ಯಾಟು ಹಿಡಿದವನ ಬೆನ್ನಿಗೆ ಕುಕ್ಕರಗಾಲಲ್ಲಿ ಕೂತು ಬಂದ ಚೆಂಡನ್ನೆಲ್ಲ ಹಿಡಿಯುವ, ಯಾರಾದರೂ ಮುಂದಿನ ಬೇಸಿಗೆ ಕದ್ದು ಓಡಿದರೆ ಅಲ್ಲಿಗೆ ಚೆಂಡೆಸೆದು ಔಟು ಮಾಡಿಸುವ ಕೆಲಸ; ಟೇಟ್‌ನದೂ ಅದೇ ಜಾಗ. ಬಸ್ಸಿನಲ್ಲಿ ಊರಿಂದೂರಿಗೆ ಅಲೆದ, ಬಲಗೈಯ ಐದು ಬೆರಳನ್ನೂ ಒಂದಲ್ಲ ಒಂದು ಊರಿನಲ್ಲಿ ಮುರಿದುಕೊಂಡ, ದೊಡ್ಡ ಲೀಗಿನ ಹೊಸ್ತಿಲ ತನಕ ಹೋಗಿ ಒಳಗೆ ಕಾಲಿಡದೆ ವಾಪಸು ಬಂದ. ಆಮೇಲೆ ನಮ್ಮೂರ ಸಣ್ಣ ಕಾಲೇಜಿಗೆ ಕೋಚ್ ಆದ. ಅದಾಗಿ ಇಪ್ಪತ್ತೊಂದು ವರ್ಷ. ಆಟದಲ್ಲಿ ಯಾವ ಬಗೆಯ ಚೆಂಡು ಎಸೆಯಬೇಕೆಂದು ಬೆಂಚಿನಿಂದಲೇ ಸನ್ನೆಯಲ್ಲಿ ಹೇಳುತ್ತಾನೆ. ಟೋಪಿ ಮುಟ್ಟಿದರೆ ಒಂದು, ಎದೆ ಮುಟ್ಟಿದರೆ ಇನ್ನೊಂದು, ಅದಕ್ಕೂ ಮೊದಲು ಬೆಲ್ಟು ಮುಟ್ಟದಿದ್ದರೆ ಎಲ್ಲವೂ ಸುಳ್ಳು. ಬೇರೆ ಕೋಚುಗಳು ಹುಡುಗರ ಮಣಿಕಟ್ಟಿಗೆ ಅಂಕಿಗಳ ಚೀಟಿ ಕಟ್ಟಿ ವಾರ ವಾರ ಬದಲಿಸುತ್ತಾರೆ. ಇವನು ಒಂದು ಸನ್ನೆಯನ್ನೂ ಬದಲಿಸಲಿಲ್ಲ. ಮನೆಯಲ್ಲೂ ಸನ್ನೆಯೇ. ಮನೆ ಎಂದರೆ ಅವನಿಗೆ ಇನ್ನೊಂದು ತಂಡ, ತಂಡದವರು ಹೊರಗೆ ಬಾಯಿ ಬಿಡುವುದಿಲ್ಲ ಎಂಬ ಭಂಡ ನಂಬಿಕೆ. ನಡೀನ್ ಮತ್ತು ನಾನು ಶಾಲೆಯ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಜೊತೆಗೆ ತಟ್ಟೆ ತೊಳೆದವರು. ಅವಳು ಹೇಳಿದ್ದು, ನಾನು ಕಣ್ಣಾರೆ ಕಂಡದ್ದು, ಎರಡೂ ಸೇರಿ ಈ ಕಥೆ.

ಟೇಟ್ ಅರ್ಧ ಗಂಟೆಯಲ್ಲಿ ವಾಪಸು ಬಂದ. ಜಾಕೆಟ್ಟು ಬಿಚ್ಚದೆ ಮೇಜಿನ ಪಕ್ಕ ನಿಂತ.

"ನನ್ನ ಹೆಸರಿಲ್ಲ."

"ಇಲ್ಲ," ಎಂದ ಡ್ವೇನ್. "ಚೆಂಡು ನಿನ್ನ ಗ್ಲೌಸಿಗೆ ಬಿದ್ದು ಎರಡನೇ ಬೇಸ್ ಮುಟ್ಟೋಕೆ ಎರಡು ಸೆಕೆಂಡಿನ ಮೇಲೆ ಹಿಡೀತಿದೆ. ನನಗೆ ಎರಡರೊಳಗೆ ಬೇಕು. ಟೆಕ್ಸಾಸಿಂದ ಒಬ್ಬ ಹುಡುಗ ಬರ್ತಿದಾನೆ."

"ನಿನ್ನದು ಎಷ್ಟಿತ್ತೋ?" ಎಂದು ಕೇಳಿದವಳು ಆರ್ಡಿತ್, ಡ್ವೇನ್‌ನ ಅಮ್ಮ. ಎಪ್ಪತ್ತೊಂಬತ್ತು ವರ್ಷ, ಹಲ್ಲು ಎರಡು ಸಾಲೂ ಕಟ್ಟಿಸಿದ್ದು, ನಾಲಿಗೆ ಮಾತ್ರ ಸ್ವಂತದ್ದು. "ಒಂಬತ್ತು ವರ್ಷ ಕುಕ್ಕರಗಾಲಲ್ಲಿ ಕೂತೆ, ಮೇಲಕ್ಕೇಳಲೇ ಇಲ್ಲ. ಈಗ ಮಗನ ಸೆಕೆಂಡು ಎಣಿಸೋಕೆ ಬಂದ ದೊಡ್ಡ ಮನುಷ್ಯ!"

"ನೀನು ಸುಮ್ನಿರಮ್ಮ."

"ಕಿವಿ ಮುಟ್ಕೋ, ಸುಮ್ನಿರ್ತೀನಿ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಡ್ವೇನ್‌ಗೆ ಇದ್ದ ಭಯವೇ ಅದು: ಊರವರು ಈ ಗಾದೆಯನ್ನು ತನಗೆ ಅಂಟಿಸಬಾರದು. ಅದಕ್ಕೆ ಸ್ವಂತ ಮಗನನ್ನು ಎಲ್ಲರಿಗಿಂತ ಒಂದು ಹಿಡಿ ಹೆಚ್ಚೇ ಹಿಂಡುತ್ತಿದ್ದ. ಊರು ಅದನ್ನು ನ್ಯಾಯ ಎಂದು ಹೊಗಳಿತು. ನನಗೆ ಅದು ಹೇಡಿತನವಾಗಿ ಕಂಡಿತು, ಈಗಲೂ ಹಾಗೇ ಕಾಣುತ್ತದೆ.

ಜನವರಿಯಲ್ಲಿ ಟೇಟ್ ನದಿಯಾಚೆ ನಲವತ್ತು ಮೈಲಿ ದೂರದ ಇನ್ನೊಂದು ಕಾಲೇಜಿಗೆ ಸೇರಿದ. ಎರಡು ಚೀಲ, ಒಂದು ದಿಂಬು, ಮುಖಕವಚ, ಮಂಡಿಗಾಪು. ಅಪ್ಪ ಗ್ಯಾರೇಜಿನಲ್ಲಿ ಮಂಜು ಬಾಚುವ ಸಲಿಕೆಯ ಹಿಡಿ ಸರಿಮಾಡುತ್ತಿದ್ದವನು ತಲೆ ಎತ್ತಲಿಲ್ಲ.

"ಹೋಗಿ ಬರ್ತೀನಿ ಅಪ್ಪ."

"ಏಪ್ರಿಲ್‌ನಲ್ಲಿ ನಿಮ್ಮ ಮೇಲೆ ಆಟ ಇದೆ."

"ಗೊತ್ತು."

"ಬೆಂಚ್ ಮೇಲೆ ಕೂತ್ಕೊಳೋಕೆ ಚಳಿ ಇರುತ್ತೆ. ದಪ್ಪ ಕೋಟು ತಗೊಂಡು ಹೋಗು."

ನಡೀನ್ ಅಡುಗೆಮನೆ ಕಿಟಕಿಯಿಂದ ಇದನ್ನು ಕೇಳಿದಳು. ಆಮೇಲೆ ನೆಲಮಾಳಿಗೆಗೆ ಇಳಿದು ಒಗೆಯಲು ಕೂತಳು. ಕಾಲೇಜು ಚಿಕ್ಕದು, ತಂಡದ ಮೂವತ್ನಾಲ್ಕು ಹುಡುಗರ ಅಂಗಿ ಪ್ಯಾಂಟು ಒಗೆಯುವುದು ಕೋಚ್‌ನ ಹೆಂಡತಿಯ ಪಾಲಿಗೆ ಯಾವಾಗಲೋ ಬಂದು ಹಾಗೇ ಉಳಿದಿತ್ತು. ಮಾರ್ಚ್ ಮೊದಲ ವಾರ ಬುಟ್ಟಿಯಲ್ಲಿ ಹನ್ನೆರಡನೇ ನಂಬರಿನ ಅಂಗಿ ಬಂತು. ಅದು ಟೇಟ್‌ನ ನಂಬರು. ಒಳಗೆ ಟೆಕ್ಸಾಸ್ ಹುಡುಗನ ಬೆವರು.

"ಇದನ್ನ ನಾನು ಒಗೆಯಲ್ಲ," ಎಂದು ಮೇಲೆ ತಂದು ಡ್ವೇನ್‌ನ ತಟ್ಟೆಯ ಪಕ್ಕ ಹಾಕಿದಳು.

"ಮೂವತ್ಮೂರು ಒಗೆದೋಳಿಗೆ ಇದೊಂದು ಭಾರವಾ?"

"ಅವನಿಗೆ ಬೇರೆ ನಂಬರ್ ಕೊಡೋಕೆ ಆಗ್ತಿರಲಿಲ್ವಾ?"

"ಅಂಗಿ ಕಾಲೇಜಿನದು. ನಿನ್ನ ಮಗನದಲ್ಲ."

"ನನ್ನ ಮಗ! ನಿನಗೇನೂ ಅಲ್ವಾ ಅವನು?"

ಡ್ವೇನ್ ಕಿವಿ ಮುಟ್ಟಿಕೊಂಡು ಆಲೂಗಡ್ಡೆ ಬಡಿಸಿಕೊಂಡ. ಆರ್ಡಿತ್ ಆ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ, "ಒಗೆದುಬಿಡೆ. ಅವನಿಗಲ್ಲದಿದ್ರೂ ಊಟ ಮಾಡೋ ನಮಗೋಸ್ಕರ," ಎಂದಳು. ನಡೀನ್ ಒಗೆದಳು. ಎದೆಯ ಮೇಲಿನ ಕೆಂಪು ಮಣ್ಣಿನ ಕಲೆಗೆ ಸೋಪು ಹಚ್ಚಿ ಉಜ್ಜುತ್ತಾ ಅತ್ತದ್ದನ್ನು ಮರುದಿನ ನನಗೆ ಹೇಳಿದಳು. ಆವತ್ತೇ ಅವಳೊಳಗೆ ಏನೋ ಕಲ್ಲಾಯಿತು ಎಂದು ನನಗನ್ನಿಸುತ್ತದೆ.

ಟೇಟ್ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಅಲ್ಲೂ ಬೆಂಚೇ. ಅಲ್ಲಿನ ಕೋಚ್ ಹಾಲ್ವರ್ಸನ್ ಒಂದು ಸಲ ಕರೆದು, "ನಿಮ್ಮಪ್ಪನ ಸನ್ನೆ ಎಲ್ಲಾ ನಿನಗೆ ಗೊತ್ತಿರಬೇಕಲ್ಲ," ಎಂದಿದ್ದನಂತೆ.

"ನೀನೇನಂದೆ?"

"ಗೊತ್ತು, ಹೇಳಲ್ಲ ಅಂದೆ. ಅದು ಮನೆ ಮಾತಲ್ವಾ ಅಮ್ಮ? ನಾನು ಎಸೆಯೋದನ್ನ ನೋಡಿ ಜಾಗ ಕೊಡಲಿ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಎಸೀತಿದೀನಿ, ಕೈ ವೇಗ ಆಗ್ತಿದೆ."

ಮಾರ್ಚ್ ಹನ್ನೆರಡು, ಬುಧವಾರ, ನಡೀನ್ ಶಾಲೆಗೆ ಮೈ ಸರಿಯಿಲ್ಲ ಎಂದು ಹೇಳಿ ಕಾರು ಹತ್ತಿದಳು. ಎಲೆಕೋಸು, ಗೋಮಾಂಸ ತುಂಬಿ ಬೇಯಿಸಿದ ಬನ್ನು ಹನ್ನೆರಡು ಕಟ್ಟಿಕೊಂಡಿದ್ದಳು. ಆರು ಟೇಟ್‌ಗೆ, ಆರು ಹಾಲ್ವರ್ಸನ್‌ಗೆ. ಟೇಟ್ ತರಗತಿಯಲ್ಲಿದ್ದ. ಹಾಲ್ವರ್ಸನ್ ತನ್ನ ಕೋಣೆಯಲ್ಲಿ ಒಂದು ಬನ್ನು ಮುರಿದು ಬಾಯಿಗಿಟ್ಟು, "ಕ್ರೆಬ್ಸ್ ಅದೃಷ್ಟವಂತ," ಎಂದ.

"ನನ್ನ ಮಗ ಯಾಕೆ ಬೆಂಚ್ ಮೇಲಿದಾನೆ?"

"ಒಳ್ಳೆ ಹುಡುಗ. ಒಳ್ಳೆಯವರು ಬೇಕಾದಷ್ಟು ಜನ ಇದಾರೆ, ಮಿಸೆಸ್ ಕ್ರೆಬ್ಸ್."

"ಅವನನ್ನ ಆಡಿಸ್ತೀರಾ?"

"ಆಡಿಸೋಕೆ ಏನಾದ್ರೂ ಕಾರಣ ಬೇಕಲ್ಲ."

ನಡೀನ್ ಎದ್ದು ಬಾಗಿಲು ಹಾಕಿದಳು. ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಅವನ ಮುಂದೆ ನೆಟ್ಟಗೆ ನಿಂತು ಮೊದಲು ಬೆಲ್ಟಿನ ಜಾಗ ಮುಟ್ಟಿ ತೋರಿಸಿದಳು. ಆಮೇಲೆ ಟೋಪಿ, ಎದೆ, ಮೊಣಕೈ, ಒಂದೊಂದಾಗಿ. ಹಾಲ್ವರ್ಸನ್ ಬನ್ನು ಕೆಳಗಿಟ್ಟು ಬರೆದುಕೊಂಡ.

"ಟೇಟ್‌ಗೆ ಗೊತ್ತಾಗಬಾರದು," ಎಂದಳು ನಡೀನ್, ಮಗನ ಪಾಲಿನ ಬನ್ನನ್ನೂ ಅಲ್ಲೇ ಬಿಟ್ಟು.

"ನನ್ನ ಬಾಯಿಂದ ಆಗಲ್ಲ."

ಮರುದಿನ, ಭಾನುವಾರವಲ್ಲದ ದಿನ, ಟೇಟ್ ಫೋನು ಮಾಡಿದ. ಶಾಲೆಯ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಅವಳು ಮಾತಾಡಿದಳು. ಹುಡುಗ ಕೂಗುತ್ತಿದ್ದುದು ನನಗೂ ಕೇಳಿಸುತ್ತಿತ್ತು. "ಅಮ್ಮಾ, ಶನಿವಾರದಿಂದ ನಾನೇ ಕ್ಯಾಚರ್! ಹಾಲ್ವರ್ಸನ್ ಹೇಳಿದ್ರು, ಕಷ್ಟಪಟ್ಟಿದೀಯ ಅಂತ. ಅಪ್ಪನಿಗೆ ಹೇಳಬೇಡ. ಏಪ್ರಿಲ್‌ನಲ್ಲಿ ತಾನೇ ಕಣ್ಣಲ್ಲಿ ನೋಡಲಿ!" ನಡೀನ್ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ಮತ್ತೆ ನೋಡಲಿಲ್ಲ.

ಏಪ್ರಿಲ್ ಎರಡನೇ ಶನಿವಾರ ಮಧ್ಯಾಹ್ನ ಆಟ ನಮ್ಮೂರಲ್ಲೇ. ತಗಡಿನ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಆರ್ಡಿತ್, ಅವಳ ಪಕ್ಕ ನಡೀನ್, ಆಮೇಲೆ ನಾನು. ಮೊದಲ ಇನಿಂಗ್ಸಿನಿಂದಲೇ ಆಚೆಯ ಹುಡುಗರು ನಮ್ಮವರ ಚೆಂಡನ್ನು ಬಾರಿಸತೊಡಗಿದರು. ನಿಧಾನದ ಚೆಂಡು ಬಂದರೆ ಕಾದು ಹೊಡೆಯುತ್ತಾರೆ, ಹೊರಗೆ ಹೋಗುವ ಚೆಂಡಿಗೆ ಬ್ಯಾಟು ಎತ್ತುವುದೇ ಇಲ್ಲ. ಮೂರು ಇನಿಂಗ್ಸ್ ಮುಗಿಯುವಷ್ಟರಲ್ಲಿ ಒಂಬತ್ತು ರನ್ನು. ಟೇಟ್ ಮಾತ್ರ ತನ್ನ ಸರದಿಯಲ್ಲಿ ಎರಡು ಸಲವೂ ಔಟಾಗಿದ್ದ. ತನ್ನ ತಂಡಕ್ಕೆ ಏನು ಗೊತ್ತಿದೆ ಎನ್ನುವುದು ಅವನಿಗೇ ಗೊತ್ತಿರಲಿಲ್ಲ. ಆದರೆ ಬೇಸ್ ಕದಿಯಲು ಓಡಿದ ನಮ್ಮ ಹುಡುಗನನ್ನು ಎರಡನೇ ಬೇಸಿನಲ್ಲಿ ಹಿಡಿಸಿದ. ಅವನ ಕೈಯಿಂದ ಹೊರಟ ಚೆಂಡು ನೆಲ ಮುಟ್ಟದೆ ಹೋಯಿತು. ಡ್ವೇನ್‌ನ ಪಕ್ಕದಲ್ಲಿದ್ದವನು ಕೈಯಲ್ಲಿದ್ದ ಸೆಕೆಂಡಿನ ಗಡಿಯಾರ ನೋಡಿ ಏನೋ ಹೇಳಿದ. ಡ್ವೇನ್ ಗಡಿಯಾರವನ್ನು ಕಿತ್ತುಕೊಂಡು ತಾನೇ ನೋಡಿದ.

ನಾಲ್ಕನೇ ಇನಿಂಗ್ಸಿನಲ್ಲಿ ಅವನಿಗೆ ಹೊಳೆಯಿತು. ಬೆಲ್ಟು ಮುಟ್ಟದೆ ಬರೀ ಸುಳ್ಳು ಸನ್ನೆ ಮಾಡಿ ನೋಡಿದ, ಎದುರಿನವರು ಅಲುಗಲಿಲ್ಲ. ಬೆಲ್ಟು ಮುಟ್ಟಿ ಮಾಡಿದ, ಅವರ ಬೆಂಚಿನಿಂದ ಯಾರೋ ಒಬ್ಬ ಚಪ್ಪಾಳೆ ತಟ್ಟಿ ಬ್ಯಾಟಿನವನಿಗೆ ಸುಳಿವು ಕೊಟ್ಟ. ಡ್ವೇನ್ ಬೆಂಚಿನ ಮೆಟ್ಟಿಲು ಹತ್ತಿ ನಿಂತು ಮಗನನ್ನು ನೋಡಿದ. ನೋಡುತ್ತಲೇ ಇದ್ದ. ಆಟದಲ್ಲಿ ಒಂದು ಹಳೆಯ ಕಟ್ಟಳೆಯಿದೆ, ಯಾವ ಪುಸ್ತಕದಲ್ಲೂ ಬರೆದಿಲ್ಲ: ಸನ್ನೆ ಕದ್ದವನ ಮೈಗೆ ಚೆಂಡು ಬೀಳಬೇಕು.

ಟೇಟ್ ಬ್ಯಾಟು ಹಿಡಿದು ಬಂದ. ಡ್ವೇನ್ ಬೆಲ್ಟು ಮುಟ್ಟಿದ. ಆಮೇಲೆ ಹೆಬ್ಬೆರಳಿನಿಂದ ಪಕ್ಕೆಲುಬನ್ನು ಕೆಳಗಿಂದ ಮೇಲಕ್ಕೆ ಗೀರಿದ. ಇಪ್ಪತ್ತೊಂದು ವರ್ಷದಲ್ಲಿ ಆ ಸನ್ನೆ ಎರಡು ಸಲವೋ ಮೂರು ಸಲವೋ ಬಂದಿದ್ದೀತು. ಎಸೆಯುವ ಹುಡುಗ ಹದಿನೆಂಟರ ಮರಿ, ನಂಬದವನ ಹಾಗೆ ಎರಡನೇ ಸಲ ನೋಡಿದ. ಡ್ವೇನ್ ಇನ್ನೊಮ್ಮೆ ಗೀರಿದ.

ನಡೀನ್ ಎದ್ದು ನಿಂತಳು. ಕೂಗಲು ಬಾಯಿ ತೆರೆದದ್ದನ್ನು ನಾನು ನೋಡಿದೆ.

"ಕೂತ್ಕೊಳ್ಳೆ," ಎಂದು ಆರ್ಡಿತ್ ಅವಳ ಕೋಟಿನ ತುದಿ ಹಿಡಿದಳು. "ಪಕ್ಕೆಗೆ ಬೀಳುತ್ತೆ, ನೀಲಿ ಆಗುತ್ತೆ, ಹೋಗುತ್ತೆ. ಕದ್ದವನಿಗೆ ಹೊಡೀತಾರೆ."

"ಅವನು ಕದ್ದಿಲ್ಲ!"

"ನಿನಗೆ ಹೇಗೆ ಗೊತ್ತು?"

ನಡೀನ್ ಕೂತಳು.

ಚೆಂಡು ಪಕ್ಕೆಗೆ ಬೀಳಲಿಲ್ಲ. ಹುಡುಗನ ಗುರಿ ತಪ್ಪಿ ಮೇಲಕ್ಕೆ ಬಂತು. ಬ್ಯಾಟು ಹಿಡಿದ ಬಲಗೈಗೆ ಬಡಿಯಿತು. ಹಸಿ ಕಟ್ಟಿಗೆ ಮುರಿದ ಸದ್ದು ನಮ್ಮ ಮೆಟ್ಟಿಲ ತನಕ ಕೇಳಿತು. ಟೇಟ್ ಕೂಗಲಿಲ್ಲ, ಉಜ್ಜಿಕೊಳ್ಳಲಿಲ್ಲ. ಚೆಂಡು ತಗುಲಿದ ಜಾಗ ಉಜ್ಜಿಕೊಳ್ಳುವವನು ಹೆಣ್ಣಿಗ ಎಂದು ಎಂಟನೇ ವರ್ಷದಿಂದ ಅಪ್ಪ ಕಲಿಸಿದ್ದ. ಕೈಯನ್ನು ಎದೆಗೊತ್ತಿಕೊಂಡು, ಏಟು ತಿಂದವನ ಹಕ್ಕಾದ ಮೊದಲ ಬೇಸಿಗೆ ನಡೆದುಹೋಗಿ ನಿಂತ. ಅಲ್ಲಿ ನೆಲಕ್ಕೆ ಕೂತ. ಡ್ವೇನ್ ಬೆಂಚು ಬಿಟ್ಟು ಬರಲಿಲ್ಲ.

ಮೂರು ಬೆರಳು, ಅಂಗೈಯ ಎರಡು ಮೂಳೆ. ಡಾಕ್ಟರು ತಿರುಪು ಹಾಕಿ ಕೂಡಿಸಿದರು, ಬರೆಯಬಹುದು, ಸ್ಟೇರಿಂಗ್ ಹಿಡಿಯಬಹುದು, ಎಸೆಯುವುದನ್ನು ಮರೆತುಬಿಡು ಎಂದರು. ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳಲಾರದ ಹುಡುಗ ಮನೆಗೆ ಬಂದ. ಬಂದ ಸಂಜೆಯೇ ಡ್ವೇನ್ ಕೇಳಿದ.

"ಯಾವಾಗ ಹೇಳಿದೆ ಅವನಿಗೆ?"

"ನಾನು ಹೇಳಿಲ್ಲಪ್ಪ. ಕೇಳಿದ್ರು, ಇಲ್ಲ ಅಂದೆ."

"ಮತ್ತೆ ಹಾಲ್ವರ್ಸನ್‌ಗೆ ಕನಸು ಬಿತ್ತಾ? 'ನಾನೇ ಹೇಳ್ದೆ' ಅನ್ನು, ಮುಗೀತು. ಈ ಮನೆಯಲ್ಲಿ ಮತ್ತೆ ಆ ಮಾತೆತ್ತಲ್ಲ."

"ಹೇಳಿಲ್ಲ ಅಂದೆನಲ್ಲ."

"ಹಾಗಾದ್ರೆ ಹೇಳೋ ತನಕ ಈ ಮೇಜಿಗೆ ಬರಬೇಡ."

ಎರಡೂವರೆ ವಾರ ಹುಡುಗ ನೆಲಮಾಳಿಗೆಯಲ್ಲಿ, ಒಗೆಯುವ ಯಂತ್ರದ ಮೇಲೆ ತಟ್ಟೆ ಇಟ್ಟುಕೊಂಡು ಉಂಡ. ನಡೀನ್ ತಟ್ಟೆ ತೆಗೆದುಕೊಂಡು ಹೋಗಿ, ಮಾಂಸ ಕತ್ತರಿಸಿಕೊಟ್ಟು, ಅವನು ಎಡಗೈಯಲ್ಲಿ ಫೋರ್ಕು ಹಿಡಿದು ತಡಕಾಡುವುದನ್ನು ನೋಡುತ್ತಾ ನಿಲ್ಲುತ್ತಿದ್ದಳು. ಒಂದು ದಿನ ಅವನು ತಾನಾಗಿ ಹೇಳಿದ:

"ಅಮ್ಮ, ಅಪ್ಪ ಗಡಿಯಾರ ನೋಡಿದ್ನಂತೆ. ಹುಡುಗರು ಹೇಳಿದ್ರು. ಎರಡರೊಳಗೆ ಬಂದಿತ್ತಂತೆ."

"ಹೂಂ ಕಣೋ."

"ಕೈ ಹೋದ್ರೆ ಹೋಯ್ತು. ಆ ಜಾಗ ನಾನೇ ಸಂಪಾದಿಸಿದ್ದು. ಅದನ್ನ ಅವನು ಕಿತ್ಕೊಳೋಕಾಗಲ್ಲ."

ನಡೀನ್ ಮೆಟ್ಟಿಲು ಹತ್ತಿ ಬಂದು ನಲ್ಲಿ ಬಿಟ್ಟು ನಿಂತಳು. ಹೇಳಿದರೆ ಮಗನ ಮೇಲಿನ ಕಳಂಕ ಹೋಗುತ್ತದೆ. ಹೇಳಿದರೆ ಅವನ ಕೈಯಲ್ಲಿ ಉಳಿದ ಒಂದೇ ವಸ್ತುವೂ ಹೋಗುತ್ತದೆ. "ನೀನಾಗಿದ್ರೆ ಏನ್ ಮಾಡ್ತಿದ್ದೆ?" ಎಂದು ನನ್ನನ್ನು ಕೇಳಿದಳು. ಬಾಯಿ ಮುಚ್ಚಿಕೊಂಡಿರು ಎಂದೆ. ಈಗಲೂ ಅದನ್ನೇ ಹೇಳುತ್ತೇನೆ.

ಮೇ ಮೊದಲ ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದರು. ಗೋಮಾಂಸದ ದೊಡ್ಡ ತುಂಡು ಬೆಂದಿತ್ತು, ಕ್ಯಾರೆಟ್ಟು, ಆಲೂಗಡ್ಡೆ, ಸಾರು. ನಡೀನ್ ಟೇಟ್‌ನ ತಟ್ಟೆಗೆ ಬಡಿಸುತ್ತಿದ್ದಳು. ಡ್ವೇನ್ ನೆಲಮಾಳಿಗೆಯ ಬಾಗಿಲ ಕಡೆ ತಿರುಗಿ ಕೂಗಿದ.

"ಟೇಟ್! ಮೇಲೆ ಬಾ."

ಹುಡುಗ ಬಂದು ನಿಂತ.

"ಕೊನೇ ಸಲ ಕೇಳ್ತಿದೀನಿ. ಹೇಳಿದ್ಯೋ ಇಲ್ವೋ?"

"ಇಲ್ಲ."

"ಸರಿ. ಕಳ್ಳನನ್ನ ಸಹಿಸ್ಕೋಬಹುದು. ಸುಳ್ಳುಗಾರನಿಗೆ ಈ ಮನೆಯಲ್ಲಿ ಹಾಸಿಗೆ ಇಲ್ಲ. ನಾಳೆ ಬೆಳಿಗ್ಗೆ ಚೀಲ ಕಟ್ಟು."

"ಒಂದು ಕೈಯಲ್ಲಿ ಹೇಗೋ ಕಟ್ತಾನೆ?" ಎಂದಳು ಆರ್ಡಿತ್. "ನಿನಗೆ ಮಾನ ಇದೆಯೇನೋ?"

"ಅವನಮ್ಮ ಕಟ್ಟಿಕೊಡ್ತಾಳೆ."

ನಡೀನ್ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. "ಹೇಳಿದ್ದು ನಾನು," ಎಂದಳು.

ಡ್ವೇನ್ ಕಿವಿಯ ಕಡೆ ಕೈ ಎತ್ತಿದ.

"ಮುಟ್ಕೋಬೇಡ! ನಾನು ಹೇಳಿದ್ದು. ಅವನ ಕೋಣೆಗೆ ಹೋಗಿ ನಿಂತು ಒಂದೊಂದಾಗಿ ತೋರಿಸಿಕೊಟ್ಟೆ. ಈ ಮಗು ಕೇಳಿದವರಿಗೂ ಹೇಳಲಿಲ್ಲ. ನೀನು ನಿರಪರಾಧಿ ಮಗನ ಕೈ ಮುರಿಸಿದೀಯ ಡ್ವೇನ್. ಈಗ ಉಣ್ಣು!"

ಗಂಡ ಕುಸಿಯುತ್ತಾನೆ, ಅತ್ತಾನು, ಮಗನ ಕಾಲಿಗಾದರೂ ಬಿದ್ದಾನು ಎಂದುಕೊಂಡಿದ್ದಳಂತೆ. ಡ್ವೇನ್ ನಿಧಾನವಾಗಿ ಕೈವಸ್ತ್ರದಲ್ಲಿ ಬಾಯಿ ಒರೆಸಿಕೊಂಡ. ಇಪ್ಪತ್ತೊಂದು ವರ್ಷ ಎದುರಾಳಿಯ ಮನಸ್ಸು ಓದಿ ಉಂಡವನು.

"ಹಾಲ್ವರ್ಸನ್ ಏನು ಕೊಟ್ಟ?"

ನಡೀನ್ ಮತ್ತೆ ಸೌಟು ಎತ್ತಿಕೊಂಡಳು.

"ಸುಮ್ನೆ ಹೇಳೋಕೆ ನೀನು ನಲವತ್ತು ಮೈಲಿ ಹೋಗಿಲ್ಲ. ಏನು ಕೇಳಿದೆ?"

"ನಡೀನ್, ಬಾಯಿ ಮುಚ್ಚು," ಎಂದಳು ಆರ್ಡಿತ್. ಮುದುಕಿಗೆ ಎಲ್ಲರಿಗಿಂತ ಮೊದಲೇ ತಿಳಿದಿತ್ತು.

ಟೇಟ್ ಅಮ್ಮನನ್ನೇ ನೋಡುತ್ತಿದ್ದ. "ಏನು ಕೇಳಿದೆ ಅಮ್ಮ?"

"ನಿನ್ನ... ಒಂದು ಅವಕಾಶ ಕೊಡಿ ಅಂದೆ. ಅಷ್ಟೇ ಕಣೋ. ಆಮೇಲೆ ಆಡಿದ್ದು ನೀನೇ ಅಲ್ವಾ? ನೀನೇ ತಾನೆ?"

"ಯಾವತ್ತು?"

"ಮಾರ್ಚ್‌ನಲ್ಲಿ."

"ಮಾರ್ಚ್ ಯಾವತ್ತು?"

"ಹನ್ನೆರಡು. ಬುಧವಾರ."

"ಗುರುವಾರ ಕರೆದು ಹೇಳಿದ್ರು ನನಗೆ," ಎಂದ ಟೇಟ್. "ಕಷ್ಟಪಟ್ಟಿದೀಯ ಅಂದ್ರು."

ಡ್ವೇನ್ ಮಗನಲ್ಲಿ ಕ್ಷಮೆ ಕೇಳಲಿಲ್ಲ, ಇವತ್ತಿನ ತನಕ ಕೇಳಿಲ್ಲ. ಕಾಲಿನಿಂದ ಪಕ್ಕದ ಕುರ್ಚಿಯನ್ನು ಹೊರಕ್ಕೆ ತಳ್ಳಿ, "ಕೂತ್ಕೋ," ಎಂದ. ಟೇಟ್ ಕೂತ. ನಡೀನ್ ಬಡಿಸಿದ ತಟ್ಟೆಯನ್ನು ಅವನ ಮುಂದಿಟ್ಟು, ದಿನದ ಹಾಗೆ ಮಾಂಸ ಕತ್ತರಿಸಲು ಬಗ್ಗಿದಳು.

ಟೇಟ್ ಎಡಗೈಯಿಂದ ತಟ್ಟೆಯನ್ನು ಅವಳ ಕೈಗೆ ಸಿಗದಂತೆ ಸರಿಸಿ ಇನ್ನೊಂದು ಪಕ್ಕಕ್ಕೆ ತಳ್ಳಿದ.

"ಅಪ್ಪ, ಇದನ್ನ ಸ್ವಲ್ಪ ಕತ್ತರಿಸಿಕೊಡು."

ಡ್ವೇನ್ ತನ್ನ ಸೊಟ್ಟ ಬೆರಳುಗಳಲ್ಲಿ ಚಾಕು ಹಿಡಿದು, ಮಾಂಸವನ್ನು ಒಂದೇ ಅಳತೆಗೆ ಕತ್ತರಿಸತೊಡಗಿದ. ನಡೀನ್ ಫೋರ್ಕು ಹಿಡಿದು ಅಲ್ಲೇ ನಿಂತಿದ್ದಳು.

"ತುಂಡು ದೊಡ್ಡದಾಯ್ತೇನೋ?"

"ಇಲ್ಲಪ್ಪ. ಸರಿಯಾಗಿದೆ."